ಫ್ಲಾರೆನ್ಸ್‌ನಲ್ಲಿ ಮೆದಿಚಿಗಳ ದೇವರಮನೆ: ಹೋಗುವವರಿಗೆ ಒಂದಿಷ್ಟು ಮಾತು

ಮೊದಲೇ ಹೇಳಿಬಿಡುತ್ತೇನೆ, ಬುಧವಾರ ಹೋಗಬೇಡಿ. ಮೆದಿಚಿ ಮನೆತನದವರು ಇದ್ದ ಅರಮನೆ ಪಲಾಜ್ಜೊ ಮೆದಿಚಿ ರಿಕಾರ್ದಿಗೆ ಅವತ್ತು ರಜೆ. ನಾನು ವಿಚಾರಿಸದೆ ಹೋಗಿ, ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಬಂದೆ. ಪುಣ್ಯಕ್ಕೆ ರೈಲು ನಿಲ್ದಾಣದಿಂದ ಕಾಲು ಗಂಟೆ ನಡಿಗೆ ಅಷ್ಟೇ. ಮರುದಿನ ಮತ್ತೆ ಹೋದೆ.

ನೋಡಬೇಕಾದ್ದು ಮಹಡಿ ಮೇಲಿನ ಪ್ರಾರ್ಥನಾ ಕೋಣೆ. ಮನೆಯವರ ಸ್ವಂತದ್ದು, ನಮ್ಮ ದೇವರಮನೆ ಇದ್ದ ಹಾಗೆ. ಜಾಗ ಚಿಕ್ಕದು, ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ. ಟಿಕೆಟ್ ಮುಂಚೆಯೇ ಬುಕ್ ಮಾಡಿ, ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಹೋಗಿಬಿಡಿ.

1459ರಲ್ಲಿ ಬೆನೊಜ್ಜೊ ಗೊಜ್ಜೊಲಿ ಇಲ್ಲಿನ ಗೋಡೆಗಳ ಮೇಲೆ ಬಾಲಯೇಸುವನ್ನು ನೋಡಲು ಹೊರಟ ಮೂವರು ರಾಜರ ಮೆರವಣಿಗೆ ಬರೆದ. ಕಥೆ ಬೈಬಲ್‌ನದು, ಮುಖಗಳು ಮೆದಿಚಿ ಮನೆಯವರದು! ಫ್ಲಾರೆನ್ಸ್ ಆಗ ಗಣರಾಜ್ಯ. ಮೆದಿಚಿಗಳು ಬ್ಯಾಂಕು ನಡೆಸುವ ಶ್ರೀಮಂತರು, ರಾಜರಲ್ಲ. ಹಾಗಾಗಿ ಚಿತ್ರದಲ್ಲಿ ಕಿರೀಟ ಹಾಕಿಕೊಳ್ಳಲಿಲ್ಲ, ಮೂವರಲ್ಲಿ ಎಳೆಯ ರಾಜನ ಹಿಂದೆ ಸೇರಿಕೊಂಡರು ಅಷ್ಟೇ. ಬಿಳಿ ಕುದುರೆ ಮೇಲೆ ಇರುವವನು ಪಿಯೆರೊ, ಚಿತ್ರ ಬರೆಸಿದವನು. ಪಕ್ಕದಲ್ಲಿ ಅವನ ಅಪ್ಪ ಕೊಸಿಮೊ. ಇಡೀ ಊರನ್ನು ಆಡಿಸುತ್ತಿದ್ದ ಮನುಷ್ಯ ಕೂತಿರುವುದು ಹೇಸರಗತ್ತೆ ಮೇಲೆ. ಎಂಥಾ ವಿನಯ, ಅಲ್ವಾ! ನನಗಂತೂ ನಗು ಬಂತು.

ಇವರ ಹಿಂದಿನ ಗುಂಪಿನಲ್ಲಿ ಕೆಂಪು ಟೋಪಿಯವನೊಬ್ಬನನ್ನು ಹುಡುಕಿ. ಟೋಪಿ ಮೇಲೆ ಲ್ಯಾಟಿನ್‌ನಲ್ಲಿ 'ಬೆನೊಜ್ಜೊನ ಕೆಲಸ' ಅಂತ ಬರೆದಿದೆ. ಚಿತ್ರಕಾರ ತನ್ನನ್ನೂ ಸೇರಿಸಿಕೊಂಡಿದ್ದಾನೆ. ಆದರೆ ಯಜಮಾನನ ಮಾತು ಮೀರುವ ಹಾಗಿರಲಿಲ್ಲ. ಕೆಲವು ದೇವದೂತರು ಪಿಯೆರೊಗೆ ಹಿಡಿಸಲಿಲ್ಲ. ಪುಟ್ಟ ಮೋಡ ಬರೆದು ಮುಚ್ಚಿಬಿಡುತ್ತೇನೆ ಅಂತ ಬೆನೊಜ್ಜೊ ಅವನಿಗೆ ಕಾಗದ ಬರೆದಿದ್ದ.

ಉಡುಪು, ಕುದುರೆಯ ಜೀನುಗಳ ಮೇಲೆ ಹಚ್ಚಿರುವುದು ನಿಜವಾದ ಬಂಗಾರದ ರೇಕು. ಮೇಣದ ಬತ್ತಿಯ ಬೆಳಕಿಗೆ ಹೊಳೆಯಲಿ ಅಂತ. ಸ್ವಲ್ಪ ಅತ್ತಿತ್ತ ಸರಿದು ನೋಡಿ, ಮಿಂಚುತ್ತದೆ. ಮುಪ್ಪಿನ ರಾಜನ ಕಡೆಯ ಮೂಲೆಯಲ್ಲಿ ಚಿತ್ರ ತುಂಡಾಗಿದೆ. 1659ರಲ್ಲಿ ಮನೆ ಕೊಂಡ ರಿಕಾರ್ದಿಗಳು ಆಮೇಲೆ ಮೆಟ್ಟಿಲಿಗೋಸ್ಕರ ಗೋಡೆ ಕತ್ತರಿಸಿದರು. ಹೊಟ್ಟೆ ಉರಿಯುತ್ತದೆ.

ಸಮಯವಿದ್ದರೆ ಅದೇ ರಸ್ತೆಯಲ್ಲಿ ಮುಂದೆ ನಡೆದು ಸಾನ್ ಮಾರ್ಕೊ ಮಠಕ್ಕೂ ಹೋಗಿ. ತೆರೆದಿರುವ ಸಮಯ ಮಾತ್ರ ಮೊದಲೇ ನೋಡಿಕೊಳ್ಳಿ. ಸನ್ಯಾಸಿಗಳ ಕೋಣೆಗಳಲ್ಲಿ ಫ್ರಾ ಆಂಜೆಲಿಕೊನ ಶಾಂತವಾದ ಚಿತ್ರಗಳಿವೆ. ಮಠಕ್ಕೆ ದುಡ್ಡು ಸುರಿದ ಕೊಸಿಮೊಗೂ ಅಲ್ಲೊಂದು ಕೋಣೆ ಇತ್ತು. ಒಳಗೆ ಬಗ್ಗಿ ನೋಡಿದರೆ ಗೋಡೆ ಮೇಲೆ ಮತ್ತದೇ ಮೂವರು ರಾಜರು.