ಸೀಬೆಹಣ್ಣಿನ ಡ್ರೆಸ್ಸಿಂಗ್: ನಾಲ್ಕನೇ ವಾರಕ್ಕೆ ಹದ ಸಿಕ್ಕಿತು

ಚಿತ್ರದುರ್ಗದ ನಮ್ಮ ಮನೆಯಲ್ಲಿ ಈ ಪ್ರಯೋಗ ಶುರುವಾಗಿದ್ದು ಅವ್ವನಿಗಾಗಿ. ರಕ್ತ ಕಡಿಮೆ ಇದೆ, ಮಾತ್ರೆಯ ಜೊತೆಗೆ ಸೊಪ್ಪು ಕಾಳು ಚೆನ್ನಾಗಿ ತಿನ್ನಲಿ ಅಂದಿದ್ದರು ಡಾಕ್ಟರು. ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಸುಲಭಕ್ಕೆ ಹತ್ತುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. ಅದಕ್ಕೇ ಮೆಂತ್ಯಸೊಪ್ಪಿನ ಪಚಡಿಗೂ ಮೊಳಕೆ ಹುರುಳಿಗೂ ಹಣ್ಣಿನ ಡ್ರೆಸ್ಸಿಂಗ್, ಅಂದರೆ ಮೇಲೆ ಹಾಕಿ ಕಲಸುವ ಹುಳಿ ರಸ, ಮಾಡಲು ಹೊರಟೆ.

ಮೊದಲ ವಾರ ಹಿರಿಯೂರು ಕಡೆಯ ದಾಳಿಂಬೆ. ಬಣ್ಣವೇನೋ ಸೊಗಸು, ಆದರೆ ರಸ ಸೊಪ್ಪಿಗೆ ಅಂಟದೆ ಬಟ್ಟಲಿನ ತಳ ಸೇರಿತು. ಕುದಿಸಿ ಗಟ್ಟಿ ಮಾಡಿದೆ, ರುಚಿ ಏರಿತು. ಆದರೆ ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ, ದಾಳಿಂಬೆಯಲ್ಲಿ ಅದು ಮೊದಲೇ ಕಡಿಮೆ. ಬಿಟ್ಟೆ.

ಎರಡನೇ ವಾರ ಅನಾನಸ್, ಮೊಸರು. ರಾತ್ರಿ ಕಲಸಿಟ್ಟದ್ದು ಬೆಳಗಾಗುವಷ್ಟರಲ್ಲಿ ಕಹಿ. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಮೊಸರಿನ ಪ್ರೊಟೀನನ್ನು ಒಡೆಯುತ್ತದೆ.

ಮೂರನೇ ವಾರ ಸೀಬೆ. 100 ಗ್ರಾಂ ಸೀಬೆಯಲ್ಲಿ ವಿಟಮಿನ್ ಸಿ ಸುಮಾರು 200 ಮಿಲಿಗ್ರಾಂ. ಕಿತ್ತಳೆಯಲ್ಲಿ 50ರ ಆಸುಪಾಸು. ಚೆನ್ನಾಗಿ ಕಳಿತ ಹಣ್ಣನ್ನು ರುಬ್ಬಿ, ಬೀಜ ಹೋಗುವಂತೆ ಜರಡಿಯಲ್ಲಿ ಸೋಸಿದೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ನಾರಿನಿಂದ ತಿರುಳು ತಾನೇ ಮಂದವಾಗಿತ್ತು, ಎಲೆಗೆಲ್ಲ ಹತ್ತಿಕೊಂಡಿತು. ಆಗ ಎಣ್ಣೆಯನ್ನೇ ಬಿಟ್ಟರಾಯಿತು ಅಂದುಕೊಂಡೆ. ಅದು ತಪ್ಪು: ಸೊಪ್ಪು, ಕ್ಯಾರೆಟ್‌ನಲ್ಲಿರುವ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಸೇರಲು ಸ್ವಲ್ಪ ಜಿಡ್ಡು ಬೇಕೇ ಬೇಕು.

ಈ ವಾರ ನಿಂತ ಅಳತೆ ಇದು. ನಾಲ್ಕು ಜನಕ್ಕೆ ಅರ್ಧ ಬಟ್ಟಲು ಸೀಬೆ ತಿರುಳು, ಒಂದು ನಿಂಬೆಹಣ್ಣಿನ ರಸ, ಒಂದು ದೊಡ್ಡ ಚಮಚ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ, ಕಾಲು ಚಮಚ ಸಾಸಿವೆ ಪುಡಿ, ಉಪ್ಪು, ಮೆಣಸು. ಸಾಸಿವೆ ಇದ್ದರೆ ಎಣ್ಣೆ, ರಸ ಬೇಗ ಬೇರೆಯಾಗುವುದಿಲ್ಲ. ರೂಢಿಯ ಡ್ರೆಸ್ಸಿಂಗ್‌ಗೆ ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುವುದರಿಂದ ಎರಡು ಚಮಚ ಉಳಿಸಿದ್ದೂ ದೊಡ್ಡದೇ.

"ಸೊಪ್ಪಿನ ಒಗರೇ ಗೊತ್ತಾಗಲ್ಲ ಕಣಪ್ಪಾ, ಇನ್ನೊಂದಿಷ್ಟು ಹಾಕು" ಅಂದಳು ಅವ್ವ. ಅವತ್ತು ನನಗಾದ ಸಂತೋಷ ಹೇಳತೀರದು. ಊಟದ ಬೆನ್ನಿಗೇ ಕುಡಿಯುತ್ತಿದ್ದ ಚಹಾವನ್ನೂ ಸಂಜೆಗೆ ಸರಿಸಿದ್ದಾಳೆ, ಅದು ಕಬ್ಬಿಣಾಂಶಕ್ಕೆ ಅಡ್ಡಿ.

ರುಬ್ಬಿಟ್ಟಷ್ಟೂ ವಿಟಮಿನ್ ಸಿ ಕಡಿಮೆಯಾಗುವುದರಿಂದ ದಿನಾ ಊಟದ ಹೊತ್ತಿಗೇ ಮಾಡುತ್ತಿದ್ದೇನೆ. ಮುಂದಿನ ವಾರ ಇದೇ ಅಳತೆಗೆ ನೆಲ್ಲಿಕಾಯಿ. ಒಗರಿಗೆ ಎಷ್ಟು ಬೆಲ್ಲ ಹಿಡಿಯುತ್ತದೋ ನೋಡಬೇಕು.