ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಕೈಹಾಕಿದವರು ಹಳೆಯ ನಾಣ್ಯವೊಂದನ್ನು ಮುಂದಿಟ್ಟು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಇದರ ಮೇಲಿನ ದೋಷ ಟಂಕಸಾಲೆಯಲ್ಲೇ ಆದದ್ದೋ, ಆಮೇಲೆ ಆದ ಹಾನಿಯೋ? ದೋಷ ಎಷ್ಟು ವಿಚಿತ್ರವಾಗಿದೆ ಎಂಬುದರಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಲೋಹದ ಪಟ್ಟಿಯಿಂದ ಬಿಲ್ಲೆಯನ್ನು ಕತ್ತರಿಸುವಾಗ, ಅದರ ಅಂಚನ್ನು ಎತ್ತರಿಸುವಾಗ, ಎರಡು ಅಚ್ಚುಗಳ ನಡುವೆ ಮುದ್ರೆ ಒತ್ತುವಾಗ, ಈ ಪೈಕಿ ಯಾವ ಹಂತದಲ್ಲಿ ಹೀಗಾಗಿರಬಹುದು ಎಂದು ಕೇಳಿಕೊಳ್ಳಬೇಕು. ಯಾವ ಹಂತಕ್ಕೂ ಹೊಂದದಿದ್ದರೆ ಅದನ್ನು ಹಾನಿಯೆಂದೇ ಎಣಿಸುವುದು ಕ್ಷೇಮ.

ಗೆರೆಯ ವಿಷಯ ಸುಲಭ. ಅಚ್ಚು ಬಿರುಕುಬಿಟ್ಟಿದ್ದರೆ ಲೋಹ ಆ ಬಿರುಕಿನೊಳಕ್ಕೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಗೀರಾದರೋ ತಗ್ಗಾಗಿರುತ್ತದೆ, ಸರಿದ ಲೋಹ ಅದರ ಬದಿಯಲ್ಲಿ ಏಣಿನಂತೆ ಎದ್ದಿರುತ್ತದೆ. ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅಂಚಿನಲ್ಲಿ ಕಮಾನಿನಂತೆ ತುಂಡಾದ ನಾಣ್ಯಗಳನ್ನು ಮಾತ್ರ ನಿಧಾನವಾಗಿ ನೋಡಬೇಕು. ಪಟ್ಟಿ ಸಾಕಷ್ಟು ಮುಂದೆ ಸರಿಯದೆ, ಕತ್ತರಿಸುವ ಉಳಿ ಹಿಂದಿನ ರಂಧ್ರದ ಮೇಲೇ ಭಾಗಶಃ ಬಿದ್ದಾಗ ಬಿಲ್ಲೆ ಹೀಗಾಗುತ್ತದೆ. ಅಂಚು ಎತ್ತರಿಸುವ ಯಂತ್ರದಲ್ಲಿ ಅಂಥ ಬಿಲ್ಲೆ ಉರುಳುವಾಗ ತುಂಡಾದ ಕಡೆ ಒತ್ತಡಕ್ಕೆ ಆಸರೆಯಿಲ್ಲದ್ದರಿಂದ, ಅದಕ್ಕೆ ನೇರ ಎದುರಿನ ಅಂಚೂ ಸರಿಯಾಗಿ ಏಳುವುದಿಲ್ಲ. ಈ ಮಸುಕಾದ ಎದುರಂಚೇ ನಾನು ಮೊದಲು ಹುಡುಕುವ ಗುರುತು. ಅಸಲಿ ನಾಣ್ಯಗಳಲ್ಲೂ ಇದು ಕೆಲವೊಮ್ಮೆ ಇರುವುದಿಲ್ಲವಾದ್ದರಿಂದ, ತುಂಡಿನ ಪಕ್ಕದ ಅಕ್ಷರಗಳನ್ನೂ ಪರೀಕ್ಷಿಸಬೇಕು: ಮುದ್ರೆ ಒತ್ತುವಾಗ ಲೋಹ ಖಾಲಿ ಜಾಗದತ್ತ ಹರಿದಿದ್ದರೆ ಅವು ಅತ್ತ ಹಿಗ್ಗಿ ಮಸುಕಾಗಿರುತ್ತವೆ, ಆಮೇಲೆ ಕತ್ತರಿಸಿದ್ದರೆ ಪೂರ್ಣ ಎತ್ತರದಲ್ಲಿಯೇ ಥಟ್ಟನೆ ಕಡಿದುಹೋಗಿರುತ್ತವೆ.

ಒಂದು ಮುಖದ ಮೇಲೆ ಕನ್ನಡಿಯ ಬಿಂಬದಂತೆ ತಿರುವುಮುರುವಾದ ತಗ್ಗುಚಿತ್ರವಿದ್ದರೆ ಬಹಳ ಜನ ಮೋಸಹೋಗುತ್ತಾರೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನ ಬಿಲ್ಲೆಯನ್ನು ಒತ್ತಿದರೆ ಅಂಥ ಚಿತ್ರ ಮೂಡುವುದು ನಿಜ. ಆದರೆ ಎರಡು ನಾಣ್ಯಗಳನ್ನು ಇಕ್ಕಳದಲ್ಲಿಟ್ಟು ಬಿಗಿದರೂ ಹಾಗೆಯೇ ಕಾಣುತ್ತದೆ. ಆಗ ತಗ್ಗುಚಿತ್ರದ ಅಡಿಯಲ್ಲಿ ಆ ಮುಖದ ಮೂಲ ಚಿತ್ರ ಚಪ್ಪಟೆಯಾಗಿ ಉಳಿದಿರುತ್ತದೆ.

ಬಣ್ಣವನ್ನಂತೂ ನಂಬಲೇಬಾರದು. ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಅಮೆರಿಕದ ಒಂದು ಸೆಂಟ್ ನಾಣ್ಯವನ್ನು 1943ರಲ್ಲಿ ಸತು ಲೇಪಿಸಿದ ಉಕ್ಕಿನಲ್ಲಿ ಟಂಕಿಸಲಾಯಿತು. ಕೆಲವೇ ಕೆಲವು ಮಾತ್ರ ತಾಮ್ರಮಿಶ್ರ ಬಿಲ್ಲೆಗಳ ಮೇಲೆ ಅಚ್ಚಾದವು. ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಕೊಟ್ಟಿದ್ದರೆ ಅಯಸ್ಕಾಂತ ಅದನ್ನು ಸೆಳೆಯುತ್ತದೆ, ತೂಕವೂ ಸುಮಾರು 3.1 ಗ್ರಾಂ ಇರದೆ 2.7ರ ಆಸುಪಾಸಿನಲ್ಲಿರುತ್ತದೆ. ಈ ಎರಡರಲ್ಲೂ ಗೆದ್ದ ನಾಣ್ಯದ 3ರ ಅಂಕಿಯನ್ನು ನೋಡದೆ ಬಿಡಬೇಡಿ, 1948ರ ನಾಣ್ಯದ 8ನ್ನು ಕೆತ್ತಿ 3 ಮಾಡಿದ ಉದಾಹರಣೆಗಳಿವೆ.

ಯಂತ್ರಪೂರ್ವ ಕಾಲದ, ಸುತ್ತಿಗೆಯ ಏಟಿನಿಂದ ಟಂಕಿಸಿದ ನಾಣ್ಯಗಳಿಗೆ ಅಳತೆಗೋಲೇ ಬೇರೆ. ಮುದ್ರೆ ಒಂದು ಬದಿಗೆ ಸರಿದಿರುವುದು, ಅಂಚು ಸೀಳಿರುವುದು ಅವುಗಳಲ್ಲಿ ಸಾಮಾನ್ಯವಾದ್ದರಿಂದ ಅದನ್ನು ವಿಶೇಷ ದೋಷವೆಂದು ಹೆಚ್ಚು ಬೆಲೆ ಕೊಡುವುದು ಸರಿಯಲ್ಲ. ಪ್ರಾಚೀನ ಅಥೆನ್ಸ್‌ನ ಗೂಬೆ ಚಿತ್ರದ ಬೆಳ್ಳಿ ನಾಣ್ಯಗಳಲ್ಲಿ ಕಾಣುವ ಆಳವಾದ ಉಳಿಗಚ್ಚು ಆಮೇಲೆ ಆದದ್ದೇ. ಒಳಗೆ ಬೆಳ್ಳಿಯೇ ಇದೆಯೇ ಎಂದು ಪರೀಕ್ಷಿಸಲು ಆ ಕಾಲದವರೇ ಹಾಗೆ ಕಡಿದಿದ್ದಾರೆ. ಅಂಥ ಗುರುತಿರುವ ನಾಣ್ಯವನ್ನು ಹಾಳಾದದ್ದೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.