ಮೂರು ಟ್ರೇಲ್ ಕ್ಯಾಮೆರಾ, ಒಂದು ಕಪ್ಪು ಬಾಲ

ಆಗಸ್ಟ್‌ನಿಂದ ನವೆಂಬರ್ ಕೊನೆಯವರೆಗಿನ ಲೆಕ್ಕ ಇದು. ಜಾಗ ಅಮೆರಿಕದ ಈಶಾನ್ಯ ಭಾಗದ ಓಕ್, ಮೇಪಲ್ ಕಾಡು. ಗೆಳೆಯನ ಸ್ವಂತ ಜಮೀನು, ಪ್ರತಿ ವರ್ಷ ಲೈಸೆನ್ಸ್ ತೆಗೆದುಕೊಂಡು ಅಲ್ಲಿ ಜಿಂಕೆ ಬೇಟೆಗೆ ಹೋಗುತ್ತಾನೆ. ನನ್ನ ಪಾಲಿಗೆ ಬಂದಿರುವುದು ಕ್ಯಾಮೆರಾ. ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ, ಮೂರು ಕಟ್ಟಿದ್ದೇವೆ. ಕಾರ್ಡ್ ತಂದು, ಒಂದೊಂದೇ ಚಿತ್ರ ನೋಡಿ, ಯಾವ ಪ್ರಾಣಿ ಅಂತ ಬರೆದಿಡುತ್ತೇನೆ.

ಮೊದಲ ಕಾರ್ಡ್‌ನಲ್ಲಿ 640 ಚಿತ್ರ ಇದ್ದವು. ಐನೂರಕ್ಕೂ ಜಾಸ್ತಿ ಬರೀ ಎಲೆ. ಈ ಕ್ಯಾಮೆರಾದ ಸೆನ್ಸರ್ ಎದುರಿನ ಶಾಖದಲ್ಲಿ ಆಗುವ ಬದಲಾವಣೆಗೆ ಎಚ್ಚರಾಗುತ್ತದೆ. ನಾನು ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದೆ. ಬೆಳಗಿನ ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದಾಗಲೆಲ್ಲ ಕ್ಲಿಕ್ ಆಗಿದೆ. ಉತ್ತರಕ್ಕೆ ತಿರುಗಿಸಿ, ಎದುರಿಗಿದ್ದ ಎರಡು ಕೊಂಬೆ ಕಡಿದ ಮೇಲೆ ಖಾಲಿ ಚಿತ್ರ ನೂರಕ್ಕಿಂತ ಕೆಳಗಿಳಿಯಿತು.

ಆಗಸ್ಟ್ ಪೂರ್ತಿ ಬಿಳಿಬಾಲದ ಜಿಂಕೆಗಳದ್ದೇ. ಗಂಡುಗಳ ಕೊಂಬಿನ ಮೇಲೆ ಆಗಿನ್ನೂ ಮೆತ್ತನೆ ತುಪ್ಪಳದ ಚರ್ಮ ಇರುತ್ತದೆ, ವೆಲ್ವೆಟ್ ಅನ್ನುತ್ತಾರೆ. ಸೆಪ್ಟೆಂಬರ್‌ನಲ್ಲಿ ಮರಕ್ಕೆ ತಿಕ್ಕಿ ತಿಕ್ಕಿ ಅದನ್ನು ಕಳಚಿಕೊಂಡವು. ಒಂದು ಗಂಡನ್ನು ಗೆಳೆಯ ಕೊಂಬಿನ ಆಕಾರದಿಂದಲೇ ಗುರುತಿಟ್ಟುಕೊಂಡಿದ್ದಾನೆ. ನಾನು ಅದರ ಎಡಗಿವಿಯ ಹರಕನ್ನು ಬರೆದುಕೊಂಡೆ. ಕೊಂಬು ಪ್ರತಿ ಚಳಿಗಾಲ ಉದುರಿ ಹೊಸದು ಬರುತ್ತದೆ, ಕಿವಿಯ ಹರಕು ಹಾಗೇ ಉಳಿಯುತ್ತದೆ ಅಲ್ವಾ.

ನರಿಗಳ ವಿಷಯದಲ್ಲಿ ಕಷ್ಟ ಶುರುವಾಯಿತು. ರಾತ್ರಿ ಚಿತ್ರ ಇನ್‌ಫ್ರಾರೆಡ್ ಬೆಳಕಿನವು, ಕಪ್ಪು ಬಿಳುಪು. ಕೆಂಪು ನರಿ, ಬೂದು ನರಿ ಅನ್ನುವ ಹೆಸರೇ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಈಗ ಮೊದಲು ಬಾಲ ನೋಡುತ್ತೇನೆ. ತುದಿ ಬಿಳಿ ಇದ್ದರೆ ಕೆಂಪು ನರಿ. ಬಾಲದ ಮೇಲೆ ಉದ್ದಕ್ಕೂ ಕಪ್ಪು ಗೆರೆ ಇದ್ದು ತುದಿಯೂ ಕಪ್ಪಾಗಿದ್ದರೆ ಬೂದು ನರಿ. ಕಾಲು ಉದ್ದ, ಮೈ ದೊಡ್ಡದು, ಓಡುವಾಗಲೂ ಬಾಲ ಇಳಿಬಿಟ್ಟಿದ್ದರೆ ಕಯೋಟಿ, ಅಂದರೆ ಇಲ್ಲಿನ ತೋಳದಂಥ ಪ್ರಾಣಿ. ಕಯೋಟಿ ಅಂತ ಬರೆದಿದ್ದ ನಾಲ್ಕು ಚಿತ್ರಗಳನ್ನು ಹೀಗೆ ನೋಡಿ ತಿದ್ದಿದೆ.

ಅಕ್ಟೋಬರ್ 17, ರಾತ್ರಿ 2.40. ಎರಡನೇ ಕ್ಯಾಮೆರಾದಲ್ಲಿ ಮೂರು ಚಿತ್ರ. ಮೊದಲನೆಯದರಲ್ಲಿ ಏನೂ ಇಲ್ಲ, ಮೂರನೆಯದೂ ಖಾಲಿ. ನಡುವಿನದರಲ್ಲಿ ಚೌಕಟ್ಟಿನ ಬಲತುದಿಗೆ ಒಂದು ಕಪ್ಪು ಮೈಯ ಹಿಂಭಾಗ, ಹಿಂಗಾಲು, ಉದ್ದನೆ ಬಾಲ. ತಲೆ ಹೊರಗೆ ಹೋಗಿಬಿಟ್ಟಿದೆ. ಗೆಳೆಯನ ಜೊತೆ ಬೇಟೆಗೆ ಬರುವವರು ನೋಡಿದ ಕೂಡಲೇ 'ಕಪ್ಪು ಕೂಗರ್' ಅಂದರು. ಕೂಗರ್ ಅಂದರೆ ಅಮೆರಿಕ ಖಂಡಗಳ ದೊಡ್ಡ ಬೆಕ್ಕು, ಪ್ಯೂಮಾ. ಅದರಲ್ಲಿ ಕಪ್ಪು ಬಣ್ಣದ್ದು ಇದೆ ಅನ್ನುವುದು ಈವರೆಗೆ ಒಮ್ಮೆಯೂ ಸಾಬೀತಾಗಿಲ್ಲ. ಆದರೂ ಸುಮ್ನೆ ಇಲ್ಲ ಅಂದರೆ ಅವರಿಗೆ ನಾನು ಉತ್ತರ ಕೊಟ್ಟ ಹಾಗಾಗುವುದಿಲ್ಲ.

ಮರುದಿನ ಒಂದು ಮೀಟರ್ ಕೋಲಿಗೆ ಹತ್ತು ಸೆಂಟಿಮೀಟರಿಗೊಂದು ಕಪ್ಪು ಟೇಪ್ ಸುತ್ತಿಕೊಂಡು ಹೋದೆ. ಚಿತ್ರದಲ್ಲಿ ಅದರ ಹಿಂಗಾಲು ಒಂದು ಮೇಪಲ್ ಬೇರಿಗೆ ತಾಗಿಕೊಂಡಿತ್ತು. ಅದೇ ಬೇರಿನ ಪಕ್ಕ ಕೋಲು ನಿಲ್ಲಿಸಿ ಅದೇ ಕ್ಯಾಮೆರಾದಿಂದ ಚಿತ್ರ ತೆಗೆದೆ. ಇದು ಮುಖ್ಯ. ಕೋಲು ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಅಳತೆ ಕೆಡುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಬೆನ್ನಿನ ಎತ್ತರ ಸುಮಾರು 25 ಸೆಂಟಿಮೀಟರ್. ಅಲ್ಲಿಗೆ ಕೂಗರ್ ಮಾತು ಮುಗಿಯಿತು. ಸಾಕಿದ ಬೆಕ್ಕು ಇರಬಹುದಾ? ಬೆಕ್ಕಿನ ಬಾಲ ಬುಡದಿಂದ ತುದಿವರೆಗೆ ಹೆಚ್ಚು ಕಡಿಮೆ ಒಂದೇ ದಪ್ಪ. ಇದರದ್ದು ಬುಡದಲ್ಲಿ ಪೊದೆಯಂತೆ ತುಂಬಿಕೊಂಡು ತುದಿಗೆ ಚೂಪಾಗಿತ್ತು. ರಕೂನ್ ಆಗಿದ್ದರೆ ಬಾಲದಲ್ಲಿ ಬಳೆಯಂಥ ಪಟ್ಟೆ ಕಾಣಬೇಕಿತ್ತು. 'ಫಿಶರ್, ಬಹುಶಃ' ಅಂತ ಬರೆದೆ. ಫಿಶರ್ ಅಂದರೆ ಇಲ್ಲಿನ ಕಾಡಿನ, ಮರ ಹತ್ತುವ ಒಂದು ಬೇಟೆ ಪ್ರಾಣಿ. 'ಬಹುಶಃ' ತೆಗೆಯಲು ಇನ್ನೂ ಸಾಕ್ಷಿ ಬೇಕಿತ್ತು.

ಆ ಕ್ಯಾಮೆರಾವನ್ನು ಹದಿನೈದು ಸೆಕೆಂಡಿನ ವಿಡಿಯೊಗೆ ಬದಲಾಯಿಸಿದೆ. ನವೆಂಬರ್ 3ರ ರಾತ್ರಿ ಅದು ಮತ್ತೆ ಬಂತು. ಮೇಪಲ್ ಮರದಿಂದ ತಲೆ ಕೆಳಗಾಗಿ ಇಳಿಯುತ್ತಿದೆ. ಹಿಂಗಾಲಿನ ಪಾದ ಪೂರಾ ಹಿಂದಕ್ಕೆ ತಿರುಗಿ ತೊಗಟೆಯನ್ನು ಹಿಡಿದಿದೆ. ನೆಲ ಮುಟ್ಟಿ, ಒಂದು ಕ್ಷಣ ಮೂಗೆತ್ತಿ, ಬೆನ್ನು ಗೂನು ಮಾಡಿಕೊಂಡು ಕುಪ್ಪಳಿಸುತ್ತಾ ಹೋಯಿತು. ರಕೂನ್ ಕೂಡ ಹೀಗೆ ತಲೆಕೆಳಗಾಗಿ ಇಳಿಯುತ್ತದೆ, ಹಾಗಾಗಿ ಇಳಿಯುವ ರೀತಿ ಒಂದೇ ಸಾಲದು. ದುಂಡು ಸಣ್ಣ ಕಿವಿ, ಗಿಡ್ಡ ಕಾಲು, ಪಟ್ಟೆ ಇಲ್ಲದ ಬಾಲ, ಆ ಕುಪ್ಪಳಿಕೆ, ಎಲ್ಲ ಸೇರಿ ಫಿಶರ್ ಅಂತ ಖಚಿತವಾಯಿತು. ಖುಷಿಗೆ ಅದನ್ನು ಎಷ್ಟು ಸಲ ನೋಡಿದೆನೋ. ನೀರುನಾಯಿಯ ಕುಟುಂಬದ್ದು, ನಮ್ಮ ಪಶ್ಚಿಮ ಘಟ್ಟದ ನೀಲಗಿರಿ ಮಾರ್ಟೆನ್‌ನ ನೆಂಟ. ಹೆಸರಿನಲ್ಲಿ ಮೀನು ಇದ್ದರೂ ಮೀನು ಹಿಡಿಯುವುದು ಅಪರೂಪ. ಮುಳ್ಳುಹಂದಿಯನ್ನೇ ಮುಖಕ್ಕೆ ಕಚ್ಚಿ ಕಚ್ಚಿ ಕೊಲ್ಲುವ ಪ್ರಾಣಿ ಇದು.

ನಡುವೆ ಒಂದು ತಪ್ಪು ಮಾಡಿದೆ. ಬ್ಯಾಟರಿ ಬದಲಿಸಿದಾಗ ಮೂರನೇ ಕ್ಯಾಮೆರಾದ ತಾರೀಖು ಜನವರಿ 1ಕ್ಕೆ ಹೋಗಿತ್ತು, ನಾನು ನೋಡಲಿಲ್ಲ. ಎರಡು ವಾರದ ಚಿತ್ರಗಳ ಸಮಯ ಎಲ್ಲ ತಪ್ಪು. ಕಾರ್ಡ್ ತೆಗೆಯುವಾಗ ನನ್ನದೇ ಚಿತ್ರ ಬಿದ್ದಿತ್ತು, ಆ ಗಳಿಗೆ ನನಗೆ ಗೊತ್ತಿತ್ತು. ಅದರಿಂದ ವ್ಯತ್ಯಾಸ ಲೆಕ್ಕ ಹಾಕಿ ಎಲ್ಲವನ್ನೂ ಸರಿಮಾಡಿದೆ. ಈಗ ಪ್ರತಿ ಸಲ ಹೊರಡುವ ಮುಂಚೆ ಫೋನಿನ ಗಡಿಯಾರವನ್ನು ಕ್ಯಾಮೆರಾಕ್ಕೆ ತೋರಿಸಿ ಬರುತ್ತೇನೆ. ಬಂದೂಕಿನ ಸೀಸನ್ ನಡೆಯುತ್ತಿದ್ದರೆ ಕಿತ್ತಳೆ ಬಣ್ಣದ ಜಾಕೆಟ್ ಹಾಕದೆ ಒಳಗೆ ಕಾಲಿಡುವುದಿಲ್ಲ.

ಬಾಬ್‌ಕ್ಯಾಟ್, ಅಂದರೆ ಇಲ್ಲಿನ ಕಾಡುಬೆಕ್ಕು, ಎರಡು ಸಲ ಬಂದಿದೆ. ಮೊಂಡು ಬಾಲ, ಕಿವಿಯ ಹಿಂದೆ ಬಿಳಿ ಮಚ್ಚೆ, ಅನುಮಾನ ಇಲ್ಲ. ಎರಡೂ ಒಂದೇ ಬೆಕ್ಕಾ ಅನ್ನುವುದು ನನ್ನ ಪ್ರಶ್ನೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳನ್ನು ಎಣಿಸಿದ್ದು ಪಟ್ಟೆ ನೋಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇಲ್ಲ, ಎಡಮೈಯ ಪಟ್ಟೆಯೂ ಬಲಮೈಗೆ ಹೊಂದುವುದಿಲ್ಲ. ಬಾಬ್‌ಕ್ಯಾಟ್‌ನ ಮಚ್ಚೆಗಳಿಗೂ ಇದೇ ಮಾತು. ನನ್ನ ಬಳಿ ಇರುವುದು ಒಂದು ಎಡಮೈ, ಒಂದು ಬಲಮೈ. ಹೋಲಿಸಲು ಬರುವುದಿಲ್ಲ. ಅದಕ್ಕೇ, ಎರಡೂ ಮೈ ಒಟ್ಟಿಗೆ ಸಿಗಲಿ ಅಂತ, ಮೊದಲನೇ ಕ್ಯಾಮೆರಾವನ್ನು ಅದರ ಜಾಗದಿಂದ ಬಿಚ್ಚಿ, ಎರಡನೆಯದರ ಎದುರಿಗೆ ದಾರಿಯ ಆಚೆ ಬದಿಗೆ ಕಟ್ಟಿ ಬಂದಿದ್ದೇನೆ.

ಚಳಿ ಜೋರಾಗುತ್ತಿದೆ, ಮೂರಕ್ಕೂ ಲಿಥಿಯಂ ಬ್ಯಾಟರಿ ಹಾಕಿದ್ದಾಯಿತು. ಜನವರಿಯಿಂದ ಗಂಡುಗಳ ಕೊಂಬು ಉದುರುತ್ತಾ ಬರುತ್ತವೆ, ಆಗ ಕೊಂಬಿಲ್ಲದ್ದನ್ನೆಲ್ಲ ಹೆಣ್ಣು ಅಂತ ಬರೆಯುವ ಹಾಗಿಲ್ಲ. 'ಗೊತ್ತಿಲ್ಲ' ಫೋಲ್ಡರ್‌ನಲ್ಲಿ ಸದ್ಯಕ್ಕೆ 23 ಚಿತ್ರ ಇವೆ.